ಹುಣಸೆಗೆ ಸೊನ್ನೆ

೩ ಡಿಸೆಂಬರ್ ೧೯೯೦, ಸೋಮವಾರ

ಈ ದಿನಚರಿಯನ್ನು ಕನ್ನಡದಲ್ಲಿ ಬರೆಯುತ್ತಿರುವುದು ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ಅಮ್ಮಿಗೆ ಉರ್ದು ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಅಬ್ಬಾ ಕನ್ನಡದಲ್ಲಿ ಓದುವುದು ಹರಾಜಿನ ನೋಟೀಸು ಮಾತ್ರ. ಚಿಂತಾಮಣಿಯ ಈ ಮನೆಯಲ್ಲಿ, ಅಬ್ಬಾನ ಹುಣಸೆಹಣ್ಣಿನ ಮೂಟೆಗಳ ಮೇಲೆ ಈ ಪುಸ್ತಕ ಬಿಚ್ಚಿಟ್ಟು ಹೋದರೂ ನನ್ನ ಮಾನಕ್ಕೆ ಕುಂದಿಲ್ಲ.

ಇವತ್ತು ನರಸಿಂಹಪ್ಪನವರು ಆಫೀಸಿನ ಸಂಶೋಧನಾ ಸಿಬ್ಬಂದಿಯನ್ನೆಲ್ಲ ಕರೆದು ಮೀಟಿಂಗ್ ಮಾಡಿದರು. ಎಲ್ಲ ಎಂದರೆ ನಾನೊಬ್ಬಳೇ. ಇವರು ನಮ್ಮ ಅರಣ್ಯ ಸಂಶೋಧನಾ ಯೋಜನೆಯ ಚಿಂತಾಮಣಿ ಶಾಖೆಯ ಮುಖ್ಯಸ್ಥರು. ನೀಲಗಿರಿ ಮರದ ಮೇಲೆ ಡಾಕ್ಟರೇಟ್ ಮಾಡಿದವರು. ಯಾರಾದರೂ ನೀಲಗಿರಿಯನ್ನು ಬೈದರೆ ತಮ್ಮ ಹಿರಿಮಗಳನ್ನು ಬೈದಷ್ಟು ನೊಂದುಕೊಳ್ಳುತ್ತಾರೆ. ವಿಷಯ ಏನೆಂದರೆ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂದಿನ ಐದು ವರ್ಷ ಯಾವ ಮರ, ಯಾವ ಸೌದೆ, ಯಾವ ಮೇವಿನ ಮೇಲೆ ಸಂಶೋಧನೆ ನಡೆಯಬೇಕೆಂದು ಆದ್ಯತೆ ಗೊತ್ತುಮಾಡಬೇಕು. ಇಷ್ಟು ದಿನ ಅದನ್ನು ಬೆಂಗಳೂರಿನ ದೊಡ್ಡ ಸಾಹೇಬರೇ ಊಟವಾದ ಮೇಲೆ ಕೂತು ಗೊತ್ತುಮಾಡುತ್ತಿದ್ದರು. ಈಗ ದುಡ್ಡು ಕೊಡುವ ಹೊರದೇಶದವರು ಜನರನ್ನು ಕೇಳಿ ಎಂದಿದ್ದಾರಂತೆ.

"ಜನಾನೇ ಹೇಳ್ಬೇಕಂತೆ ಷಮೀಮ್. ಹೇಳ್ಲಿ. ಏನು ಹೇಳ್ಬೇಕು ಅನ್ನೋದು ನಾವು ನೋಡ್ಕೊಳ್ಳಣ," ಅಂದರು.

ನನ್ನದು ಹಂಗಾಮಿ ಕೆಲಸ, ಮಾರ್ಚಿಗೆ ಮುಗಿಯುತ್ತದೆ. ಬೆಂಗಳೂರಿನ ಮುಖ್ಯ ಕೇಂದ್ರದಲ್ಲಿ ಒಂದು ಖಾಯಂ ಹುದ್ದೆ ಖಾಲಿ ಇದೆ. ನನಗೆ ಬೇಕಾಗಿರುವುದು ಅದೊಂದೇ. ಅದಕ್ಕಾಗಿ ಜನರನ್ನಷ್ಟೇ ಅಲ್ಲ, ಕುರಿಗಳನ್ನು ಕೇಳು ಎಂದರೂ ಕೇಳಿಕೊಂಡು ಬರುತ್ತೇನೆ.

೬ ಡಿಸೆಂಬರ್, ಗುರುವಾರ

ಕೆಂಚಾರ್ಲಹಳ್ಳಿ ಕಡೆಯ ಬಸ್ಸು ಹಿಡಿದು ಚಿನ್ನಗುಟ್ಟಹಳ್ಳಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಎರಡು ದಿನ ಊಟ ಹಾಕಿ ಕಲಿಸಿದ ಹೊಸ ವಿಧಾನ ಇಷ್ಟೇ: ಮರಗಳ ಚಿತ್ರ ಬರೆದ ರಟ್ಟುಗಳನ್ನು ನೆಲದ ಮೇಲೆ ಹರಡುವುದು, ಜನರ ಕೈಗೆ ಒಂದೊಂದು ಹಿಡಿ ಬೀಜ ಕೊಡುವುದು. ಯಾವ ಮರ ಹೆಚ್ಚು ಮುಖ್ಯವೋ ಅದರ ಮೇಲೆ ಅವರು ಹೆಚ್ಚು ಬೀಜ ಇಡುತ್ತಾರೆ. ಓದು ಬರಹ ಬೇಕಿಲ್ಲ. ಚಿತ್ರ ನಾನೇ ಬರೆದೆ. ಹೊಂಗೆ ಮರ ಹೂಕೋಸಿನಂತೆ ಬಂದಿತ್ತು. ಬೀಜ ಅಬ್ಬಾನ ಗೋದಾಮಿನಿಂದ ತಂದ ಹುಣಸೆ ಬೀಜ, ಪುಕ್ಕಟೆ.

ಊರಿನ ಗುಂಡುತೋಪಿನಲ್ಲಿ ಕೂತೆವು. ಒಳ್ಳೆಯ ತೋಪು, ನಮ್ಮ ತಾತನ ಕಾಲಕ್ಕಿಂತ ಹಳೆಯ ಹುಣಸೆ ಮರಗಳು, ಅಂಚಿಗೆ ಒಂದಷ್ಟು ಹೊಂಗೆ. ತೋಪು ಮಂಡಲ ಪಂಚಾಯ್ತಿಯದು. ಪ್ರತಿ ವರ್ಷ ಮರದ ಮೇಲಿನ ಹಣ್ಣನ್ನು ಹರಾಜು ಹಾಕುತ್ತಾರೆ. ಅದನ್ನು ವರ್ಷವರ್ಷವೂ ಹಿಡಿಯುವ ಓಬಳಮ್ಮ ಎಂಬ ಹೆಂಗಸು ಮುಂದೆಯೇ ಕೂತಿದ್ದಳು. ನಮ್ಮ ಮನೆಯಲ್ಲಿ ಅವಳ ಹೆಸರು ಬಲು ಪ್ರಸಿದ್ಧ. ಹಿಂದೊಮ್ಮೆ ಹತ್ತು ಜನರ ಎದುರಿಗೆ ಅಬ್ಬಾನ ತಕ್ಕಡಿ ಮೋಸದ್ದು ಅಂದಿದ್ದಳು. ಆವತ್ತಿನಿಂದ ಅಬ್ಬಾ ಈ ತೋಪಿಗೆ ಕಾಲಿಟ್ಟಿಲ್ಲ.

"ಲಾಲ್ ಬಾಷಾ ಸಾಬು ಮಗಳಲ್ವೇನಮ್ಮ ನೀನು?" ಅಂದಳು. ಹೌದೆಂದೆ. ನನ್ನ ಬೀಜದ ಚೀಲವನ್ನೂ ನನ್ನನ್ನೂ ಒಂದು ಸುತ್ತು ನೋಡಿದಳು.

"ಯಾವ ಮರಕ್ಕೆ ಎಷ್ಟು ಬೀಜ ಕೊಡ್ತೀರೋ ಇಡಿ," ಅಂದೆ. ಯಾರೂ ಅಲ್ಲಾಡಲಿಲ್ಲ. ತೆಲುಗಿನಲ್ಲಿ ಗುಸುಗುಸು ನಡೆಯಿತು. ಆಮೇಲೆ ಓಬಳಮ್ಮ ಎದ್ದು ಬಂದು ತನ್ನ ಹಿಡಿ ಬೀಜವನ್ನಷ್ಟೂ ನೀಲಗಿರಿಯ ಮೇಲೆ ಸುರಿದಳು. ಅವಳ ಹಿಂದೆ ಊರಿಗೆ ಊರೇ ನೀಲಗಿರಿ. ನಾಲ್ಕು ಬೀಜ ಹೊಂಗೆಗೆ, ಒಂದೆರಡು ಜಾಲಿಗೆ. ಹುಣಸೆಗೆ ಒಂದೂ ಇಲ್ಲ. ಹುಣಸೆಯ ನೆರಳಲ್ಲಿ ಕೂತು, ಹುಣಸೆ ಬೀಜ ಕೈಯಲ್ಲಿ ಹಿಡಿದು ಹುಣಸೆಗೆ ಸೊನ್ನೆ ಕೊಟ್ಟ ಜನ. ನನಗೇನು, ಬರೆದುಕೊಂಡು ಬಂದೆ.

೭ ಡಿಸೆಂಬರ್, ಶುಕ್ರವಾರ

ನರಸಿಂಹಪ್ಪನವರು ಲೆಕ್ಕ ನೋಡಿ ಮಸಾಲೆದೋಸೆ ತರಿಸಿದರು. ಈ ಆಫೀಸಿಗೆ ಸೇರಿದ ಮೇಲೆ ಇದೇ ಮೊದಲು.

೨೧ ಡಿಸೆಂಬರ್, ಶುಕ್ರವಾರ

ಚಿಕ್ಕಬಳ್ಳಾಪುರದಲ್ಲಿ ಆದ್ಯತಾ ಸಭೆ. ದೊಡ್ಡ ಸಾಹೇಬರು ಬೆಂಗಳೂರಿನಿಂದ ಬಂದಿದ್ದರು. ಗೌರಿಬಿದನೂರಿನವರು ಮೇವಿನ ಮೇಲೆ ಮಾತಾಡುವಾಗ ಅರ್ಧ ಸಭೆ ನಿದ್ದೆ ಮಾಡಿತು, ಇನ್ನರ್ಧ ಬಿಸ್ಕತ್ತು ಮುಗಿಸಿತು. ನನ್ನ ಸರದಿ ಬಂದಾಗ ಸಾಹೇಬರು ಕನ್ನಡಕ ಹಾಕಿಕೊಂಡರು. ಜನರೇ ಬೀಜ ಇಟ್ಟು ಹೇಳಿದ್ದಾರೆ ಎಂದ ಕೂಡಲೇ ಎಲ್ಲರಿಗೂ ಕಣ್ಣು ತುಂಬಿ ಬಂದಂತಾಯಿತು.

ಮೊದಲ ಆದ್ಯತೆ ಅಧಿಕ ಇಳುವರಿಯ ನೀಲಗಿರಿ. ಹುಣಸೆ ಕಟ್ಟಕಡೆಗೆ, "ಇತರೆ" ಎನ್ನುವುದಕ್ಕಿಂತಲೂ ಕೆಳಗೆ. ನೀಲಗಿರಿಯನ್ನು ಅತಿ ಹೆಚ್ಚು ಕೇಳಿದ ಊರಲ್ಲೇ ಪ್ರಯೋಗದ ತಾಕು ಮಾಡೋಣ ಎಂದು ನರಸಿಂಹಪ್ಪನವರು ಸೂಚಿಸಿದರು. ಅಂದರೆ ಚಿನ್ನಗುಟ್ಟಹಳ್ಳಿಯ ತೋಪು. ಹಳೆಯ ಮರಗಳನ್ನು ತೆಗೆದು ಮುಂಗಾರಿಗೆ ಸಸಿ ನೆಡುವುದು.

ಸಾಹೇಬರು ನನ್ನನ್ನು ಕರೆದು, "ಬೆಂಗಳೂರಿಗೆ ಬರ್ತೀರೇನಮ್ಮ?" ಎಂದು ಕೇಳಿದರು. ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ಬಸ್ಸು ನಿಂತಿತು. ರೇಷ್ಮೆಗೂಡು ಬೇಯಿಸುವ ವಾಸನೆ ಕೂಡ ಇವತ್ತು ಅತ್ತರಿನ ಹಾಗಿತ್ತು. ನಾನು ಬಹಳ ಖುಷಿಯಾಗಿದ್ದೇನೆ.

೨೩ ಡಿಸೆಂಬರ್, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಅಬ್ಬಾನಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿಟ್ಟರು.

"ಓಬಳಮ್ಮ ಹುಣಸೆಗೆ ಒಂದು ಬೀಜಾನೂ ಇಡ್ಲಿಲ್ಲವಾ?"

"ಒಂದೂ ಇಲ್ಲ."

ನಗಲು ಶುರುಮಾಡಿದರು. ಕೆಮ್ಮು ಹತ್ತಿತು, ಅಮ್ಮಿ ನೀರು ಕೊಟ್ಟಳು, ನೀರು ಕುಡಿದು ಮತ್ತೆ ನಕ್ಕರು. "ಅವರು ನಿನಗೆ ಹರಾಜಿನ ಸವಾಲು ಕೂಗಿದ್ದಾರೆ ಬೇಟಾ. ಸರ್ಕಾರದವರು ತೋಪಲ್ಲಿ ಕೂತು, ಯಾವ ಮರಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿದ್ರೆ ಅದು ಹರಾಜಲ್ಲದೆ ಇನ್ನೇನು? ಅದೂ ಹುಣಸೆ ಬೀಜದ ಚೀಲ ಹಿಡ್ಕೊಂಡು, ಲಾಲ್ ಬಾಷಾ ಮಗಳು. ನಾನೇ ರೇಟು ತಿಳ್ಕೊಳ್ಳೋಕೆ ಕಳ್ಸಿದ್ದೀನಿ ಅಂದ್ಕೊಂಡಿರ್ತಾರೆ. ಬೇಕಾದ ಮರದ ಕಡೆ ಹರಾಜಲ್ಲಿ ಯಾರಾದ್ರೂ ತಿರುಗಿ ನೋಡ್ತಾರಾ? ಬೇಡದ್ದರ ಮೇಲೆ ಸುರೀತಾರೆ."

ಅಬ್ಬಾನ ಮಾತು ಸುಳ್ಳಲ್ಲ. ಚಿಕ್ಕವಳಿದ್ದಾಗ ಎಷ್ಟು ಹರಾಜಿಗೆ ಇವರ ಹಿಂದೆ ಹೋಗಿದ್ದೇನೆ. ತೋಪಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಮರದ ಬುಡಕ್ಕೇ ಹೋಗಿ ಉಗುಳುತ್ತಿದ್ದರು. ಅದನ್ನೆಲ್ಲ ಕಂಡವಳಿಗೆ ಎಂ.ಎಸ್ಸಿ. ಆದಮೇಲೆ ಇದು ಹೊಳೆಯಲೇ ಇಲ್ಲ.

ಆದರೂ ಇದರಲ್ಲಿ ನನ್ನ ತಪ್ಪೇನು. ಬಾಯಿ ಇದ್ದವರು ಬೇಕು ಎಂದು ಹೇಳಬೇಕಿತ್ತು.

೨೬ ಡಿಸೆಂಬರ್, ಬುಧವಾರ

ನರಸಿಂಹಪ್ಪನವರಿಗೆ ವಿಷಯ ತಿಳಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನೋಡಮ್ಮ, ಜನ ಸುಳ್ಳು ಹೇಳಿದ್ರೆ ಅದು ಜನರ ಅಭಿಪ್ರಾಯಾನೇ," ಅಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಆ ತೋಪಿಂದ ಮಂಡಲಕ್ಕೆ ಬರೋ ದುಡ್ಡು ಅವರ ಕಾಫಿ ಟೀಗೂ ಆಗಲ್ಲ. ಅಷ್ಟಕ್ಕೇ ಹರಾಜು ಹೋಗತ್ತೆ ಅಂದ್ರೆ ಯಾರಿಗೂ ಬೇಡ ಅಂತ್ಲೇ ಅರ್ಥ. ನೀನು ಬೆಂಗಳೂರಿನ ಅರ್ಜಿ ನೋಡ್ಕೋ," ಅಂದರು.

ಮನುಷ್ಯ ಕೆಟ್ಟವರಲ್ಲ. ಆದರೆ ನೀಲಗಿರಿಯ ವಿಷಯ ಬಂದರೆ ಕಿವಿಗೆ ಹತ್ತಿ.

೫ ಜನವರಿ ೧೯೯೧, ಶನಿವಾರ

ಚಿತ್ರದ ರಟ್ಟೊಂದು ಚಿನ್ನಗುಟ್ಟಹಳ್ಳಿಯಲ್ಲಿ ಉಳಿದುಹೋಗಿತ್ತು. ಅದಕ್ಕೇ ರಜೆ ಹಾಕಿ ಹೋದೆ. ಮರ ಕಡಿಯುವ ಸುದ್ದಿ ಇನ್ನೂ ಅವರ ಕಿವಿಗೆ ಬಿದ್ದಿರಲಿಲ್ಲ. ನಾನೇ ಹೇಳಿದೆ. ಓಬಳಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ಎಲೆ ಕೈಯಲ್ಲೇ ಉಳಿಯಿತು.

"ಈ ಕೇರಿ ಹೆಂಗಸ್ರು ಬೇಸ್ಗೇಲಿ ಇನ್ನೇನ್ ಮಾಡ್ಬೇಕಮ್ಮ? ಹಣ್ಣು ಬಡಿಯೋದು, ಓಡು ಬಿಡಿಸೋದು, ಬೀಜ ಕುಟ್ಟಿ ತೆಗೆಯೋದು, ಮೂರ್ ತಿಂಗ್ಳು ಒಲೆ ಉರಿಯೋದೇ ಅದ್ರಲ್ಲಿ. ಹೊಲ ಅನ್ನೋದು ನಮಗೆ ಯಾರಿಗಿದೆ? ನಿನ್ ನೀಲಗಿರಿ ಓಡು ಬಿಡಿಸ್ಲಾ?"

"ಮತ್ತೆ ನೀಲಗಿರಿಗೇ ಯಾಕೆ ಸುರಿದೆ?"

"ಬೇಕು ಅಂದ್ರೆ ನೀವು ಬೆಲೆ ಏರಿಸ್ತೀರಿ."

ಇದು ಹರಾಜಲ್ಲ, ಅಬ್ಬಾ ಕಳಿಸಿದ್ದೂ ಅಲ್ಲ, ಖುದಾ ಮೇಲೆ ಆಣೆ ಎಂದು ಹೇಳಿ ಮತ್ತೆ ಬೀಜ ಹಂಚಿದೆ. ಸರಿಯಾಗಿ ಇಟ್ಟರೆ ಹೊಸ ಲೆಕ್ಕ ಒಯ್ದು ಸಾಹೇಬರ ಮುಂದೆ ಹಿಡಿಯಬಹುದಿತ್ತು. ಅವರು ಮರದ ಹಿಂದೆ ಹೋಗಿ ಮಾತಾಡಿಕೊಂಡು ಬಂದರು. ಇಷ್ಟು ಆಣೆ ಇಟ್ಟು ಹರಾಜಲ್ಲ ಎನ್ನುತ್ತಿದ್ದಾಳೆಂದರೆ ಇದು ಭಾರೀ ದೊಡ್ಡ ಹರಾಜೇ ಇರಬೇಕೆಂದು ತೀರ್ಮಾನವಾಗಿತ್ತು. ಮತ್ತೆ ನೀಲಗಿರಿಯ ಮೇಲೆ ಗುಡ್ಡೆ. ಈ ಸಲ ಹೊಂಗೆಗೂ ಏನೂ ಸಿಗಲಿಲ್ಲ.

ತಲೆ ಚಚ್ಚಿಕೊಳ್ಳಬೇಕೆನಿಸಿತು. ಓಬಳಮ್ಮ ಮಾತ್ರ ಈ ಬಾರಿ ಬೀಜ ಇಡಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಕೂತಿದ್ದಳು.

೯ ಜನವರಿ, ಬುಧವಾರ

ಅವರ ಹಣೆಬರಹ. ಇನ್ನು ನಾನು ಆ ಊರಿನ ಸುದ್ದಿಗೆ ಹೋಗುವುದಿಲ್ಲ.

೧೭ ಜನವರಿ, ಗುರುವಾರ

ಮಂಡಲ ಪ್ರಧಾನ ಮುನಿಶಾಮಪ್ಪನವರನ್ನು ನೋಡಲು ಹೋಗಿದ್ದೆ. ಅಂಬಾಜಿದುರ್ಗದ ಕಡೆಯ ಸರ್ವೆ ಕೆಲಸ ಮಧ್ಯಾಹ್ನಕ್ಕೇ ಮುಗಿದಿತ್ತು, ಅವರ ಮನೆ ದಾರಿಯಲ್ಲೇನೂ ಇಲ್ಲ, ಆದರೂ. ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಉಳಿದಿತ್ತು, ಕೊಟ್ಟರು.

"ನಾನೇನ್ ಮಾಡ್ಲಿ ಹೇಳಮ್ಮ. ನಿಮ್ಮ ಪ್ರಾಜೆಕ್ಟಿನೋರು ತೋಪು ಕೊಟ್ರೆ ಊರಿಗೆ ಬೋರ್‌ವೆಲ್ ಹಾಕಿಸ್ತೀವಿ ಅಂತಾರೆ. ಆ ಕಡೆ ನೋಡಿದ್ರೆ ಓಬಳಮ್ಮ ವರ್ಷವರ್ಷ ಅದೇ ಹಳೇ ಸವಾಲಿಗೆ ತೋಪು ಹೊಡ್ಕೊಂಡು ಹೋಗ್ತಾಳೆ. ಎದುರಿಗೆ ಕೂಗೋರೇ ಇಲ್ಲ. ಇದನ್ನ ಉಳಿಸಿ ಅಂತ ಮೆಂಬರುಗಳಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಈ ವರ್ಷದ ಹಣ್ಣು ಮರದ ಮೇಲಿದೆ, ಹಾಗಾಗಿ ಮೂವತ್ತೊಂದಕ್ಕೆ ಕೊನೆಯ ಹರಾಜು. "ಅವತ್ತು ಒಳ್ಳೇ ಸವಾಲು ಬಂತು ಅನ್ನು, ತೋಪಿಗೆ ಗಿರಾಕಿ ಇದ್ದಾರೆ, ಕೊಡಲ್ಲ ಅಂತ ಹೇಳೋಕೆ ನನಗೊಂದು ಬಾಯಿ ಇರತ್ತೆ. ಹಳೇ ರೇಟಿಗೇ ಹೋಯ್ತು ಅಂದ್ರೆ ಹಣ್ಣು ಇಳಿಸಿದ ಮಾರನೇ ದಿನಾನೇ ಗರಗಸ," ಅಂದರು.

೨೦ ಜನವರಿ, ಭಾನುವಾರ

ಓಬಳಮ್ಮನಿಗೆ ಹೇಳಿ ಬಂದೆ, ಈ ಸಲ ಏರಿಸಿ ಕೂಗು ಎಂದು. "ಯಾರ ಮೇಲೆ ಏರಿಸ್ಲಿ? ನನ್ ಸವಾಲಿನ ಮೇಲೆ ನಾನೇ ಕೂಗ್ಲಾ? ಊರು ನಗತ್ತೆ," ಅಂದಳು. ಅದೂ ನಿಜವೇ. ಹರಾಜಿಗೆ ಇಬ್ಬರು ಬೇಕು. ಊರಿನಲ್ಲಿ ಬೇರೆ ಯಾರಿಗೂ ಅಷ್ಟು ಶಕ್ತಿಯಿಲ್ಲ, ಇದ್ದರೂ ಓಬಳಮ್ಮನ ನಾಲಿಗೆಯ ಎದುರಿಗೆ ನಿಲ್ಲುವ ಎದೆಯಿಲ್ಲ.

ಮನೆಯಲ್ಲಿ ಊಟದ ಹೊತ್ತಿಗೆ ಸುಮ್ಮನೆ ಹೇಳಿದೆ, ಇಂಥ ದಿನ ಅಲ್ಲಿ ಹರಾಜಂತೆ, ಹಳೇ ರೇಟಿಗೇ ಹೋದರೆ ಮರ ಕಡಿಯುತ್ತಾರಂತೆ ಎಂದು. "ಆ ಹೆಂಗಸಿನ ತೋಪಿಗೆ ನಾನು ಕಾಲಿಡಲ್ಲ," ಅಂದರು ಅಬ್ಬಾ. "ನಿಮ್ಮನ್ನು ಕರೆದವರು ಯಾರು? ಕಡಿದರೆ ಕಡಿಯಲಿ, ನನಗೇನಾಗಬೇಕು," ಅಂದೆ.

ಅಮ್ಮಿ, "ಮೊನ್ನೆಯಿಂದ ಇವಳ ಬಾಯಲ್ಲಿ ಇದೇ ಮಾತು, ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೂ ತೋಪು ಅಂತಾಳೆ," ಅಂದಳು. ಅಮ್ಮಿಗೆ ಎಲ್ಲ ಉತ್ಪ್ರೇಕ್ಷೆ.

೨೪ ಜನವರಿ, ಗುರುವಾರ

ಅಬ್ಬಾ ಗೋದಾಮಿನಲ್ಲಿ ಹಳೇ ಮೂಟೆ ತೆಗೆಸುತ್ತಿದ್ದರು. ಆ ತೋಪಿನ ಹಣ್ಣಿಗೆ ಹಿಂದೆ ಮದರಾಸಿನವರೂ ಮುಗಿಬೀಳುತ್ತಿದ್ದರಲ್ಲವೇ ಎಂದು ಕೇಳಿದೆ. ಹೂಂ ಅಂದರು. "ಹೋಗಲಿ ಬಿಡಿ, ನನಗೆ ಅದರ ಯೋಚನೆಯೇ ಇಲ್ಲ," ಎಂದು ಹೇಳಿ ಬಂದೆ.

೨೯ ಜನವರಿ, ಮಂಗಳವಾರ

ಬೆಂಗಳೂರಿನ ಹುದ್ದೆಗೆ ಮೂರು ಹೆಸರು ಹೋಗಿವೆ, ನನ್ನದು ಮೊದಲಿದೆ ಎಂದು ನರಸಿಂಹಪ್ಪನವರು ತಿಳಿಸಿದರು. ಜೊತೆಗೇ, "ನಾಡಿದ್ದು ಹರಾಜು ನೋಡೋಕೆ ನಾನು ಜೀಪಲ್ಲಿ ಹೋಗ್ತಿದ್ದೀನಿ. ನಮ್ಮ ಸ್ಟಾಫು ಯಾರೂ ಅಲ್ಲಿ ಕಾಣ್ಬಾರ್ದು. ತಿಳೀತಾ?" ಅಂದರು. ಸ್ಟಾಫು ಎಂದರೆ ಯಾರೆಂದು ಇಬ್ಬರಿಗೂ ಗೊತ್ತು.

"ನನಗೇನು ಕೆಲಸ ಸಾರ್ ಅಲ್ಲಿ," ಅಂದೆ.

೩೧ ಜನವರಿ, ಗುರುವಾರ

ಹೋದೆ. ತಲೆನೋವೆಂದು ರಜೆ ಬರೆದು, ಎಂಟು ಗಂಟೆಯ ಬಸ್ಸಿಗೆ. ತೋಪಿನ ಅಂಚಿನ ಹೊಂಗೆಯ ಮರೆಯಲ್ಲಿ ನಿಂತಿದ್ದೆ. ಹೊಂಗೆ ಮರದ ಕಾಂಡ ನಾನು ಬರೆದ ಚಿತ್ರಕ್ಕಿಂತ ಬಹಳ ಸಣ್ಣದೆಂದು ಆಗ ತಿಳಿಯಿತು. ನರಸಿಂಹಪ್ಪನವರು ಜೀಪಿನಿಂದ ಇಳಿದವರೇ ನೇರ ನನ್ನನ್ನೇ ನೋಡಿದರು. ತಲೆ ಅಲ್ಲಾಡಿಸಿದರು, ಅಷ್ಟೇ. ಮೊದಲಿದ್ದ ನನ್ನ ಹೆಸರು ಎಲ್ಲಿಗೆ ಇಳಿಯಿತೆಂದು ನನಗೆ ಅಲ್ಲೇ ಅರ್ಥವಾಯಿತು. ನಾನು ಮರೆಯಿಂದ ಈಚೆ ಬಂದು ಹೆಂಗಸರ ಜೊತೆ ಕೂತೆ.

ಮುನಿಶಾಮಪ್ಪನವರು ಹರಾಜು ಶುರುಮಾಡಿದರು. ಯಾರೂ ಮರಗಳ ಕಡೆ ನೋಡುತ್ತಿಲ್ಲ. ಒಬ್ಬ ಬೀಡಿ ಹಚ್ಚಿದ, ಒಬ್ಬ ಎಮ್ಮೆಯ ಸುದ್ದಿ ತೆಗೆದ. ಓಬಳಮ್ಮ ನೆಲ ನೋಡುತ್ತ ಕಳೆದ ವರ್ಷದ ಸವಾಲನ್ನೇ ಕೂಗಿದಳು. ನನ್ನ ಕಡೆ ಒಮ್ಮೆ ತಿರುಗಿದಳು.

"ಒಂದನೇ ಸಲ," ಅಂದರು ಪ್ರಧಾನರು. ಸುತ್ತ ನೋಡಿದರು. ಯಾರೂ ಇಲ್ಲ. "ಎರಡನೇ ಸಲ."

ಏನಾದರಾಗಲಿ, ನಾನೇ ಕೂಗಿಬಿಡೋಣವೆಂದು ಎದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕ್ಯಾಕರಿಸಿ ಉಗುಳಿದ ಸದ್ದು. ತೋಪಿನ ನಡುವಿನ ದೊಡ್ಡ ಹುಣಸೆಯ ಬುಡದಲ್ಲಿ ಅಬ್ಬಾ ನಿಂತಿದ್ದರು, ತಲೆಗೆ ಟೋಪಿ, ಕಂಕುಳಲ್ಲಿ ಕೊಡೆ. "ಹುಳ ಬಿದ್ದಿದೆ ಇದಕ್ಕೆ," ಅಂದರು, ಮರವನ್ನು ನೋಡಿ. ಆಮೇಲೆ ಆಕಾಶ ನೋಡುತ್ತ ಕಳೆದ ವರ್ಷದ ಸವಾಲಿನ ಎರಡರಷ್ಟು ಕೂಗಿದರು.

ಓಬಳಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ತಕ್ಕಡಿ ಸಾಬು ಬಂದನಾ," ಎಂದು ಅದರ ಮೇಲೆ ಕೂಗಿದಳು. ಅಬ್ಬಾ ಏರಿಸಿದರು. ಅವಳೂ ಏರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ, ನಡುವೆ ಪ್ರಧಾನರ ಕತ್ತು ಆ ಕಡೆ ಈ ಕಡೆ ತಿರುಗಿ ಸಾಕಾಯಿತು. ಬೀಡಿ ಹಚ್ಚಿದವನ ಬೀಡಿ ಆರಿತು. ಅಬ್ಬಾ ಕೊನೆಗೊಂದು ಭಾರೀ ಸವಾಲು ಹಾಕಿ, ಹಣ್ಣಲ್ಲಿ ಹುಳಿಯೇ ಇಲ್ಲವೆಂದು ಗೊಣಗಿದರು.

ಆಗ ಓಬಳಮ್ಮ ಹುಣಸೆಗಳ ಕಡೆ ಕೈ ತೋರಿಸಿ, ಊರಿಗೆಲ್ಲ ಕೇಳುವಂತೆ ಹೇಳಿದಳು. "ಹುಳಿ ಇಲ್ವಾ? ಈ ಸೀಮೇಲೇ ಇಂಥ ಹಣ್ಣಿಲ್ಲ. ನಮ್ ಒಲೆ ಉರಿಯೋದೇ ಇದ್ರಿಂದ. ನನಗೆ ಬೇಕು ಕಣಪ್ಪ, ಈ ತೋಪು ನನಗೆ ಬೇಕು." ಅಬ್ಬಾನ ಸವಾಲಿನ ಮೇಲೆ ಇನ್ನಷ್ಟು ಕೂಗಿದಳು.

ಹರಾಜಿನಲ್ಲಿ ಬೇಕು ಎನ್ನುವ ಮಾತನ್ನು ಆ ಊರು ಮೊದಲ ಸಲ ಕೇಳಿತು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ನಮಗೂ ಬೇಕು, ನಮಗೂ ಬೇಕು ಅಂದರು. ಅಬ್ಬಾ ಕೊಡೆ ಬಿಚ್ಚಿದರು, ಮುಚ್ಚಿದರು, "ಅಷ್ಟು ಬೆಲೆ ಈ ಸೌದೆಗೆ ಯಾರು ಕೊಡ್ತಾರೆ," ಎಂದು ಹೊರಟುಬಿಟ್ಟರು.

ಮೂರನೇ ಸಲ ಹೇಳಿದ ಮೇಲೆ ಮುನಿಶಾಮಪ್ಪನವರು ನರಸಿಂಹಪ್ಪನವರ ಹತ್ತಿರ ಹೋಗಿ, "ಕೇಳಿಸ್ಕೊಂಡ್ರಲ್ಲ ಸಾರ್. ಇದನ್ನ ಕೊಟ್ರೆ ಈ ಹೆಂಗಸ್ರು ನನ್ನನ್ನೇ ಬಡಿದು ಓಡು ಬಿಡಿಸ್ತಾರೆ. ತೋಪು ಕೊಡಲ್ಲ," ಅಂದರು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಓಬಳಮ್ಮ ನನ್ನ ಹತ್ತಿರ ಬಂದಳು. ಖುಷಿಯಾಗಿರಬಹುದೆಂದುಕೊಂಡಿದ್ದೆ. ಕಣ್ಣು ಕೆಂಪಾಗಿತ್ತು. "ಮರ ಉಳೀತು. ಈ ವರ್ಷ ಇಡೀ ಬಡಿದ್ರೂ ನನ್ ಕೈಗೆ ಬೀಜಾನೇ ಮಿಗೋದು. ನಿಮ್ಮಪ್ಪ ಬೇಗ ನಿಲ್ಲಿಸ್ಬಾರ್ದಾಗಿತ್ತಾ?" ಅಂದಳು. ಹಣ್ಣು ಬಡಿಯುವಾಗ ಬರುತ್ತೇನೆ ಅಂದೆ. "ಬಾ, ಕೂಲಿ ಕೇಳ್ಬೇಡ," ಅಂದಳು.

ಬಸ್ಸಿನಲ್ಲಿ ಅಬ್ಬಾನ ಪಕ್ಕ ಕೂತೆ. ಅವರು ಟಿಕೆಟ್ಟನ್ನು ಮಡಿಸಿ ಮಡಿಸಿ ಕಿವಿಗೆ ಸಿಕ್ಕಿಸಿಕೊಂಡರು.

"ಅಬ್ಬಾ, ಆ ಹಣ್ಣು ನಿಮಗೆ ನಿಜವಾಗಿ ಬೇಕಿತ್ತಾ?"

"ಯಾವ ಹಣ್ಣು? ಬರೀ ನಾರು."

"ಮತ್ತೆ ಯಾಕೆ ಬಂದ್ರಿ? ನಾನು ನಿಮ್ಮನ್ನ ಕರೀಲಿಲ್ಲವಲ್ಲ."

"ಕರೀಲಿಲ್ಲ," ಅಂದರು. "ಹೊತ್ತುಹೊತ್ತಿಗೂ ಬಂದು ನನಗೆ ಬೇಡ, ಕಡಿದ್ರೆ ಕಡೀಲಿ, ನನಗೆ ಅದರ ಯೋಚನೇನೇ ಇಲ್ಲ ಅಂತ ಹೇಳ್ತಿದ್ದೆ. ಗಡ್ಡ ಬರೋಕೆ ಮುಂಚಿನಿಂದ ಹರಾಜು ನೋಡ್ತಿದ್ದೀನಿ ಬೇಟಾ. ಇಷ್ಟೊಂದು ಬೇಡ ಅಂದೋರನ್ನ ಇದುವರೆಗೂ ನೋಡಿರ್ಲಿಲ್ಲ."

ಕೆಂಚಾರ್ಲಹಳ್ಳಿ ದಾಟುವವರೆಗೂ ನಾನು ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡು ಕೂತಿದ್ದೆ.